ನೀರು ನುಡಿದ ಸತ್ಯ: ವೈದ್ಯವಿಜ್ಞಾನಿ ಸಿಡ್ನಿ ರಿಂಗರ್ ಅವರ ಜೀವನ

ಸ್ಮರಣ ಸಂಚಿಕೆಗಳಲ್ಲಿ ಮಹನೀಯರ ಜೀವನಚರಿತ್ರೆಯನ್ನು ಪ್ರಕಟಿಸುವುದು ನಮ್ಮ ವಿದ್ಯಾಸಂಸ್ಥೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಸಂಪ್ರದಾಯ. ರಾಜ್ಯಗಳನ್ನು ಕಟ್ಟಿದವರು, ಕಾವ್ಯಗಳನ್ನು ರಚಿಸಿದವರು, ಧರ್ಮವನ್ನು ಬೋಧಿಸಿದವರು ಇಂಥ ಪುಟಗಳಲ್ಲಿ ಸಹಜವಾಗಿಯೇ ಅಗ್ರಸ್ಥಾನವನ್ನು ಪಡೆಯುತ್ತಾರೆ. ಈ ಲೇಖನಕ್ಕೆ ನಾನು ಆರಿಸಿಕೊಂಡಿರುವ ಮಹಾಶಯರು ಆ ಯಾವ ಪಂಕ್ತಿಗೂ ಸೇರಿದವರಲ್ಲ. ಅವರು ಲಂಡನ್ ನಗರದ ಒಬ್ಬ ವೈದ್ಯರು. ರೋಗಿಗಳನ್ನು ನೋಡಿ ಉಳಿದ ಸಮಯದಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದು ಬಡಿಯುವ ಬಗೆಯನ್ನು ಪರೀಕ್ಷಿಸುತ್ತಿದ್ದವರು. ಆದರೆ ಅವರ ಹೆಸರು ಇಂದು ನಮ್ಮ ಮಾಲೂರಿನ ಆಸ್ಪತ್ರೆಗಳಿಂದ ಹಿಡಿದು ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿಯೂ ದಿನವೂ ಉಚ್ಚರಿಸಲ್ಪಡುತ್ತದೆ. ಉಚ್ಚರಿಸುವವರಲ್ಲಿ ಬಹುಮಂದಿಗೆ ಅದೊಂದು ಮನುಷ್ಯನ ಹೆಸರೆಂಬುದೇ ತಿಳಿಯದು.

ವ್ಯಾಕರಣ, ಛಂದಸ್ಸು, ಅಲಂಕಾರಗಳಲ್ಲಿ ಆಯುಷ್ಯವನ್ನು ಕಳೆದ ಕನ್ನಡ ಪಂಡಿತನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವನ್ನು ನಿವೇದಿಸುತ್ತೇನೆ. ಕೆಲವು ವರ್ಷಗಳ ಹಿಂದೆ ವಿಷಮಜ್ವರಕ್ಕೆ ಸಿಲುಕಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನನ್ನ ಕೈಗೆ ಸೂಜಿ ಚುಚ್ಚಿ, ಮೇಲೊಂದು ಚೀಲವನ್ನು ತೂಗುಹಾಕಿದ್ದರು. ನಮ್ಮ ಜನ ಅದನ್ನು ಗ್ಲೂಕೋಸ್ ಬಾಟಲಿಯೆಂದೇ ಕರೆಯುತ್ತಾರೆ. ಅದರ ಮೇಲೆ ಬೇರೆಯೇ ಒಂದು ಪದವಿತ್ತು: ರಿಂಗರ್ಸ್ ಲ್ಯಾಕ್ಟೇಟ್. ಪದ ಕಂಡರೆ ಅದರ ವ್ಯುತ್ಪತ್ತಿಯನ್ನು ಕೇಳುವುದು ನನ್ನ ಹಳೆಯ ಚಟ. ದಾದಿಯರನ್ನು ಕೇಳಿದೆ, ಅದು ಆರ್.ಎಲ್. ಎಂದಷ್ಟೇ ಹೇಳಿದರು. ಕೊನೆಗೆ ನನ್ನನ್ನು ನೋಡಲು ಬಂದ ವಿಜ್ಞಾನದ ಅಧ್ಯಾಪಕ ಮಿತ್ರರು, ಅದು ರಿಂಗರ್ ಎಂಬ ವೈದ್ಯರ ಹೆಸರೆಂದು ತಿಳಿಸಿ, ಮುಂದೆ ಅವರ ವಿಷಯವಾದ ಪುಸ್ತಕಗಳನ್ನೂ ಒದಗಿಸಿದರು. ಓದುತ್ತ ಹೋದಂತೆ ಈ ಚರಿತ್ರೆಯಲ್ಲಿ ಅಧ್ಯಾಪಕ ವರ್ಗದವರು ಅವಶ್ಯವಾಗಿ ಮನನ ಮಾಡಬೇಕಾದ ಒಂದು ಪ್ರಸಂಗವಿದೆಯೆಂದು ನನಗೆ ಮನವರಿಕೆಯಾಯಿತು. ಅದನ್ನು ಯಥಾಮತಿ ಇಲ್ಲಿ ನಿರೂಪಿಸುತ್ತೇನೆ.

ಸಿಡ್ನಿ ರಿಂಗರ್ ಅವರು 1835ರಲ್ಲಿ ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ನಾರಿಚ್ ಪಟ್ಟಣದಲ್ಲಿ ಒಂದು ವರ್ತಕ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಸೋದರರಲ್ಲಿ ಕೆಲವರು ವ್ಯಾಪಾರವನ್ನು ಅರಸಿ ಸಮುದ್ರವನ್ನು ದಾಟಿ ಪೂರ್ವದೇಶಗಳಿಗೆ ತೆರಳಿದರು. ತಮ್ಮನಾದ ಫ್ರೆಡರಿಕ್ ರಿಂಗರ್ ಜಪಾನಿನ ನಾಗಸಾಕಿಯಲ್ಲಿ ನೆಲಸಿ ಅಲ್ಲಿನ ಪ್ರಸಿದ್ಧ ವರ್ತಕರಲ್ಲಿ ಒಬ್ಬರಾದರು. ಈ ನಾಗಸಾಕಿಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ನಮ್ಮ ಕಥೆಯಲ್ಲಿ ಅದು ಮತ್ತೊಮ್ಮೆ ಬರಲಿದೆ. ಸಿಡ್ನಿಯವರ ಮನಸ್ಸು ಮಾತ್ರ ವ್ಯಾಪಾರದ ಕಡೆಗೆ ಒಲಿಯಲಿಲ್ಲ. ಅವರು ವೈದ್ಯವಿದ್ಯೆಯನ್ನು ಬಯಸಿದರು.

ರಿಂಗರ್ ಅವರ ಮನೆತನ ಇಂಗ್ಲೆಂಡಿನ ರಾಜಮಾನ್ಯ ಧರ್ಮಪಂಥಕ್ಕೆ ಸೇರದೆ ಪ್ರತ್ಯೇಕವಾಗಿ ನಿಂತಿದ್ದ ಪಂಥದ್ದು. ಇಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎಂಬ ಪ್ರಾಚೀನ ವಿದ್ಯಾಪೀಠಗಳಲ್ಲಿ ಪದವಿ ದೊರೆಯುವುದಕ್ಕೆ ಬಹುಕಾಲ ಅಡ್ಡಿಯಿತ್ತು. ಈ ಅನ್ಯಾಯಕ್ಕೆ ಉತ್ತರವಾಗಿ ಕೆಲವು ಉದಾರಿಗಳು ಹಣ ಕೂಡಿಸಿ 1826ರಲ್ಲಿ ಲಂಡನ್ನಿನಲ್ಲಿ ಹೊಸದೊಂದು ವಿದ್ಯಾಲಯವನ್ನು ಸ್ಥಾಪಿಸಿದ್ದರು. ನೀನು ಯಾವ ಮತದವನು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದೇ ಮುಂದೆ ಯೂನಿವರ್ಸಿಟಿ ಕಾಲೇಜ್ ಎಂದು ಹೆಸರಾಯಿತು. 1854ರಲ್ಲಿ ರಿಂಗರ್ ಅಲ್ಲಿ ವಿದ್ಯಾರ್ಥಿಯಾಗಿ ಸೇರಿದರು. 1863ರಲ್ಲಿ ವೈದ್ಯಶಾಸ್ತ್ರದ ಉನ್ನತ ಪದವಿಯನ್ನು ಪಡೆದರು. ತನಗೆ ಬಾಗಿಲು ತೆರೆದ ಆ ಸಂಸ್ಥೆಯನ್ನು ಅವರು ಮತ್ತೆ ಬಿಟ್ಟು ಹೋಗಲೇ ಇಲ್ಲ. ಅದರ ಆಸ್ಪತ್ರೆಯಲ್ಲಿಯೇ ವೈದ್ಯರಾಗಿ, ಅದರ ಪೀಠಗಳಲ್ಲಿಯೇ ಪ್ರಾಧ್ಯಾಪಕರಾಗಿ 1900ರಲ್ಲಿ ನಿವೃತ್ತರಾಗುವವರೆಗೆ ದುಡಿದರು. ದಾನಿಗಳು ಕಟ್ಟಿದ ಒಂದು ವಿದ್ಯಾಮಂದಿರ ಯಾವ ಬೀಜಕ್ಕೆ ನೀರೆರೆಯುತ್ತದೆ, ಅದು ಎಲ್ಲಿ ಯಾವಾಗ ಫಲಿಸುತ್ತದೆ ಎಂಬುದನ್ನು ಕಟ್ಟುವ ದಿನ ಯಾರೂ ಅರಿಯರು. ನಮ್ಮ ಸಂಸ್ಥೆಗೆ ನೆರವಾದ ಮಹಾದಾನಿಗಳು ಈ ಮಾತನ್ನು ತಮಗೂ ಅನ್ವಯಿಸಿಕೊಳ್ಳಬಹುದು.

ಸ್ವಭಾವದಿಂದ ರಿಂಗರ್ ಅವರು ಸಂಕೋಚಪ್ರವೃತ್ತಿಯವರು. ಸಭೆಗಳಲ್ಲಿ ಮಾತನಾಡುವುದೆಂದರೆ ಹಿಂಜರಿಯುತ್ತಿದ್ದರು. ರೋಗಿಯ ಮಂಚದ ಪಕ್ಕದಲ್ಲಿ ನಿಂತು ವಿದ್ಯಾರ್ಥಿಗಳಿಗೆ ಪಾಠ ಹೇಳುವುದರಲ್ಲಿ ಮಾತ್ರ ನಿಪುಣರು. 1869ರಲ್ಲಿ ಅವರು ಔಷಧ ಪ್ರಯೋಗವನ್ನು ಕುರಿತು ಪ್ರಕಟಿಸಿದ ಕೈಪಿಡಿ ಹದಿಮೂರು ಮುದ್ರಣಗಳನ್ನು ಕಂಡಿತು. ಕಾಲನಿಷ್ಠೆಯಲ್ಲಿ ಅವರನ್ನು ಮೀರಿಸುವವರು ವಿರಳ. ಬೆಳಗ್ಗೆ ಆಸ್ಪತ್ರೆಯ ಕೆಲಸಕ್ಕೆ ಮುಂಚೆ ಸಮಯ ದೊರೆತರೆ ಕಾಲೇಜಿನ ಶರೀರವಿಜ್ಞಾನ ವಿಭಾಗಕ್ಕೆ ಹೋಗಿ ತಮ್ಮ ಪ್ರಯೋಗವನ್ನು ನೋಡುವುದು, ಅಲ್ಲಿಂದ ರೋಗಿಗಳ ಬಳಿಗೆ, ಮತ್ತೆ ಬಿಡುವಾದಾಗ ಪ್ರಯೋಗಾಲಯಕ್ಕೆ. ಇದು ಅವರ ದಿನಚರಿ. ತಮ್ಮದೇ ಆದ ದೊಡ್ಡ ಪ್ರಯೋಗಾಲಯ ಅವರಿಗೆ ಇರಲಿಲ್ಲ. ವಿಭಾಗದಲ್ಲಿ ಕೊಟ್ಟಷ್ಟು ಜಾಗ, ಒಬ್ಬ ಸಹಾಯಕ, ಕೆಲವು ಗಾಜಿನ ಪಾತ್ರೆಗಳು, ಅಷ್ಟರಲ್ಲಿಯೇ ತೃಪ್ತರು. ವೈದ್ಯವೃತ್ತಿ ಜೀವನೋಪಾಯವಾದರೆ, ಈ ಪರಿಶೋಧನೆ ಫಲಾಪೇಕ್ಷೆಯಿಲ್ಲದ ಕಾಯಕವಾಗಿತ್ತು.

ಈಗ ಮುಖ್ಯ ಪ್ರಸಂಗಕ್ಕೆ ಬರೋಣ. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿದರೂ ತಕ್ಕ ದ್ರವವನ್ನು ಉಣಿಸುತ್ತಿದ್ದರೆ ಅದು ಗಂಟೆಗಟ್ಟಲೆ ಬಡಿಯುತ್ತಲೇ ಇರುತ್ತದೆ. ರಕ್ತದಲ್ಲಿರುವ ಯಾವ ಯಾವ ಲವಣಗಳು ಹೃದಯವನ್ನು ಬಡಿಯಿಸುತ್ತವೆ ಎಂಬುದು ರಿಂಗರ್ ಅವರ ಪ್ರಶ್ನೆ. ಬಟ್ಟಿ ಇಳಿಸಿದ ಶುದ್ಧಜಲದಲ್ಲಿ ಅಡಿಗೆಯ ಉಪ್ಪನ್ನೂ ಬೇರೆ ಕೆಲವು ಲವಣಗಳನ್ನೂ ಒಂದೊಂದಾಗಿ ಬೆರೆಸಿ ನೋಡುವುದು ಅವರ ಕ್ರಮ. ಉಪ್ಪುನೀರಿಗೆ ಅಲ್ಪಪ್ರಮಾಣದ ಪೊಟ್ಯಾಸಿಯಂ ಲವಣವನ್ನು ಸೇರಿಸಿದರೆ ಹೃದಯ ಚೆನ್ನಾಗಿಯೇ ನಡೆಯುತ್ತದೆ ಎಂದು ಅವರು ಕಂಡುಕೊಂಡರು. ಆ ಫಲಿತಾಂಶವನ್ನು 1882ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿದ್ವಾಂಸರು ಓದಿದರು, ಒಪ್ಪಿದರು. ವಿಷಯ ಇಲ್ಲಿಗೇ ಮುಗಿಯಬಹುದಾಗಿತ್ತು.

ಮುಗಿಯಲಿಲ್ಲ. ಸ್ವಲ್ಪ ಕಾಲಾನಂತರ ಅದೇ ಪ್ರಯೋಗವನ್ನು ಅದೇ ಪ್ರಮಾಣದ ಲವಣಗಳಿಂದ ಮತ್ತೆ ಮಾಡಿದಾಗ ಹೃದಯ ಬರಬರುತ್ತ ದುರ್ಬಲವಾಗಿ, ಅರ್ಧ ಗಂಟೆಯೂ ಕಳೆಯುವುದರೊಳಗೆ ನಿಂತುಹೋಯಿತು. ಉಪ್ಪು ಅದೇ, ತೂಕ ಅದೇ, ಕಪ್ಪೆಯ ಜಾತಿಯೂ ಅದೇ, ಬದಲಾದದ್ದು ಏನು? ಒಂದೊಂದೇ ಸಂಗತಿಯನ್ನು ವಿಚಾರಿಸುತ್ತ ಬಂದಾಗ ಸತ್ಯ ಹೊರಬಿದ್ದಿತು. ಮೊದಲಿನ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತಯಾರಿಸಿರಲೇ ಇಲ್ಲ! ನಲ್ಲಿಯಲ್ಲಿ ಬರುವ ಸಾಧಾರಣ ನೀರಿನಲ್ಲಿಯೇ ಉಪ್ಪನ್ನು ಕಲಸಿ ಇಡಲಾಗಿತ್ತು. ಫೀಲ್ಡರ್ ಎಂಬ ಪ್ರಯೋಗಾಲಯದ ಸಹಾಯಕನು, ನಲ್ಲಿ ತಿರುಗಿಸಿದರೆ ನೀರು ಬರುವಾಗ ಬಟ್ಟಿ ಇಳಿಸುವ ಶ್ರಮವೇಕೆಂದು ಹಾಗೆ ಮಾಡಿದ್ದನೆಂಬ ವೃತ್ತಾಂತವನ್ನು ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದ ಹೆನ್ರಿ ಡೇಲ್ ಅವರು ತಿಳಿಸಿದ್ದಾರೆ.

ಆ ಕಾಲದಲ್ಲಿ ಲಂಡನ್ನಿನ ಆ ಭಾಗಕ್ಕೆ ನೀರನ್ನು ಒದಗಿಸುತ್ತಿದ್ದುದು ನ್ಯೂ ರಿವರ್ ಎಂಬ ಕಾಲುವೆ. 1613ರಲ್ಲಿಯೇ ತೋಡಿಸಲ್ಪಟ್ಟ ಈ ಕಾಲುವೆ ಹರ್ಟ್‌ಫರ್ಡ್ ಸೀಮೆಯ ಬುಗ್ಗೆಗಳಿಂದ ನೀರನ್ನು ತರುತ್ತಿತ್ತು. ಅಲ್ಲಿಯ ನೆಲವೋ ಸೀಮೆಸುಣ್ಣದ ಶಿಲೆಯಿಂದಾದದ್ದು. ಆ ಶಿಲೆಯಲ್ಲಿ ಇಳಿದು ಬಂದ ನೀರಿನಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಸಹಜವಾಗಿಯೇ ಕರಗಿರುತ್ತಿತ್ತು: ಒಂದು ಲೀಟರಿಗೆ ಸುಮಾರು 38 ಮಿಲಿಗ್ರಾಂ. ರಿಂಗರ್ ಅವರು ಶುದ್ಧಜಲದ ದ್ರಾವಣಕ್ಕೆ ಅಷ್ಟೇ ಅಲ್ಪಪ್ರಮಾಣದ ಕ್ಯಾಲ್ಸಿಯಂ ಲವಣವನ್ನು ಸೇರಿಸಿ ನೋಡಿದರು. ನಿಲ್ಲುತ್ತಿದ್ದ ಹೃದಯ ಮತ್ತೆ ಬಡಿಯತೊಡಗಿತು! ಕ್ಯಾಲ್ಸಿಯಂ ಒಂದನ್ನೇ ಹೆಚ್ಚಾಗಿ ಕೊಟ್ಟರೆ ಹೃದಯ ಬಿಗಿದುಕೊಂಡು ಸಡಿಲವಾಗದೆ ಇರುತ್ತಿತ್ತು. ಪೊಟ್ಯಾಸಿಯಂ ಸೇರಿದರೆ ಆ ಬಿಗಿತ ಹದಕ್ಕೆ ಬರುತ್ತಿತ್ತು. ಉಪ್ಪು, ಹುಳಿ, ಖಾರಗಳು ಒಂದನ್ನೊಂದು ತಡೆದು ಸಾರಿಗೆ ಹದವನ್ನು ತರುವಂತೆ, ಈ ಮೂರು ಲವಣಗಳು ಪರಸ್ಪರ ನಿಯಮಿಸಿಕೊಂಡು ಹೃದಯವನ್ನು ನಡೆಸುತ್ತವೆ ಎಂಬ ತತ್ತ್ವ ಹೀಗೆ ಸಿದ್ಧವಾಯಿತು.

ಇಲ್ಲಿ ವಾಚಕರು ಕ್ಷಣಕಾಲ ನಿಲ್ಲಬೇಕು. ಒಂದು ವರ್ಷದ ಹಿಂದೆಯಷ್ಟೇ ತಾವು ಪ್ರಕಟಿಸಿದ ತೀರ್ಮಾನ ತಪ್ಪೆಂದು ರಿಂಗರ್ ಅವರಿಗೆ ತಿಳಿದಿದೆ. ಬೇರೆ ಯಾರೂ ಅದನ್ನು ಆಕ್ಷೇಪಿಸಿಲ್ಲ. ಕ್ಯಾಲ್ಸಿಯಂ ವಿಷಯವನ್ನು ಹೊಸ ಶೋಧನೆಯೆಂದು ಪ್ರಕಟಿಸಿ, ಹಳೆಯದರ ಮಾತನ್ನೇ ಎತ್ತದೆ ಇರಬಹುದಾಗಿತ್ತು. ಅಥವಾ ತಪ್ಪೆಲ್ಲವೂ ಸಹಾಯಕನದೆಂದು ಬರೆದು ಕೈತೊಳೆದುಕೊಳ್ಳಬಹುದಾಗಿತ್ತು. ಪ್ರಾಧ್ಯಾಪಕರ ಮಾತಿನ ಮುಂದೆ ಸಹಾಯಕನ ಮಾತು ನಡೆಯುವ ಕಾಲವೂ ಅದಲ್ಲ. ರಿಂಗರ್ ಅವರು ಈ ಎರಡನ್ನೂ ಮಾಡಲಿಲ್ಲ. 1883ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದ ಎರಡನೆಯ ಪ್ರಬಂಧದ ಆರಂಭದಲ್ಲಿಯೇ, ತಮ್ಮ ಹಿಂದಿನ ದ್ರಾವಣ ಶುದ್ಧಜಲದಿಂದ ಆದುದಲ್ಲ, ಕಾಲುವೆಯ ನೀರಿನಿಂದ ಆದುದು ಎಂಬುದನ್ನು ನೇರವಾಗಿ ತಿಳಿಸಿ, ಹಿಂದೆ ತಾವು ಉಪ್ಪಿನ ಗುಣವೆಂದು ಹೇಳಿದ್ದು ವಾಸ್ತವವಾಗಿ ಆ ನೀರಿನಲ್ಲಿದ್ದ ಅಂಶಗಳ ಗುಣವೆಂದು ಒಪ್ಪಿಕೊಂಡರು. ನೀರು ಯಾವ ಕಂಪನಿಯದು, ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂಬುದನ್ನೆಲ್ಲ ಬರೆದರು. ಅದನ್ನು ತುಂಬಿಟ್ಟವನ ಹೆಸರನ್ನು ಮಾತ್ರ ಬರೆಯಲಿಲ್ಲ.

ಶಾಸ್ತ್ರಲೋಕದಲ್ಲಿ ಅವರಿಗೆ ಶಾಶ್ವತ ಸ್ಥಾನವನ್ನು ದೊರಕಿಸಿದ್ದು ಈ ಎರಡನೆಯ ಪ್ರಬಂಧ. ಎಂದರೆ ತಪ್ಪೊಪ್ಪಿಗೆಯ ಪ್ರಬಂಧ. ಮೊದಲನೆಯದನ್ನು ಇಂದು ನೆನೆಯುವುದು ಎರಡನೆಯದರ ದೆಸೆಯಿಂದಲೇ.

ಮುಂದಿನ ವರ್ಷಗಳಲ್ಲಿ ರಿಂಗರ್ ಅವರು ಈ ಒಂದು ಎಳೆಯನ್ನು ಹಿಡಿದು ಬಹುದೂರ ಸಾಗಿದರು. ಬಟ್ಟಿ ಇಳಿಸಿದ ನೀರಿನಲ್ಲಿ ಬಿಟ್ಟ ಮೀನುಗಳು ಬೇಗ ಸಾಯುತ್ತವೆಂದೂ ಅದಕ್ಕೆ ಸ್ವಲ್ಪ ಕ್ಯಾಲ್ಸಿಯಂ ಸೇರಿಸಿದರೆ ಹೆಚ್ಚು ಕಾಲ ಬದುಕುತ್ತವೆಂದೂ ತೋರಿಸಿದರು. ಕ್ಯಾಲ್ಸಿಯಂ ಇಲ್ಲದಿದ್ದರೆ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರಲಾರವು ಎಂಬುದನ್ನೂ ಕಂಡರು. ಅತ್ಯಂತ ಶುದ್ಧವಾದ ನೀರು ಜೀವಕ್ಕೆ ಹಿತವಲ್ಲ ಎಂಬುದು ಕೇಳುವುದಕ್ಕೆ ವಿಚಿತ್ರವಾದರೂ ಸತ್ಯ. 1885ರಲ್ಲಿ ಅವರನ್ನು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರನ್ನಾಗಿ ಆರಿಸಲಾಯಿತು. ಅಂದಿನ ಪ್ರಸಿದ್ಧ ವೈದ್ಯರಲ್ಲಿ ಅನೇಕರಿಗೆ ದೊರೆತ ಸರ್ ಎಂಬ ಬಿರುದು ಇವರಿಗೆ ದೊರೆಯಲಿಲ್ಲ. ಅದಕ್ಕಾಗಿ ಅವರು ಹಂಬಲಿಸಿದಂತೆಯೂ ಕಾಣುವುದಿಲ್ಲ.

ಗೃಹಜೀವನದಲ್ಲಿ ಅವರು ದುಃಖವನ್ನು ಕಂಡವರು. ಮಗಳೊಬ್ಬಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಅವಳ ನೆನಪಿಗಾಗಿ ಯಾರ್ಕ್‌ಷೈರ್ ಪ್ರಾಂತದ ಲಾಸ್ಟಿಂಗ್‌ಹ್ಯಾಮ್ ಎಂಬ ಹಳ್ಳಿಯ ಪುರಾತನ ದೇವಾಲಯವನ್ನು ತಮ್ಮ ಸ್ವಂತ ದ್ರವ್ಯದಿಂದ ಜೀರ್ಣೋದ್ಧಾರ ಮಾಡಿಸಿದರು. ನಿವೃತ್ತರಾದ ಮೇಲೆ ಅದೇ ಹಳ್ಳಿಯನ್ನು ಸೇರಿ, 1910ರ ಅಕ್ಟೋಬರ್ 14ರಂದು ದೇಹತ್ಯಾಗ ಮಾಡಿದರು.

ಅವರ ದ್ರಾವಣದ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಎಂಬವರು ರಿಂಗರ್ ದ್ರಾವಣಕ್ಕೆ ಲ್ಯಾಕ್ಟೇಟ್ ಎಂಬ ಲವಣವನ್ನು ಸೇರಿಸಿ, ಬೇಧಿಯಿಂದ ಬಳಲಿ ನೀರು ಬತ್ತಿದ ಶಿಶುಗಳಿಗೆ ಕೊಟ್ಟರು. ಅದೇ ನಾನು ಆಸ್ಪತ್ರೆಯಲ್ಲಿ ಕಂಡ ಚೀಲ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಿಗೂ, ಹೆದ್ದಾರಿಯಲ್ಲಿ ಗಾಯಗೊಂಡವನಿಗೂ ಇಂದು ಅದು ಪ್ರಾಣಾಧಾರ.

ಆದರೆ ರಿಂಗರ್ ಅವರ ಶೋಧನೆ ಹೃದಯದಲ್ಲಿ ಹುಟ್ಟಿ ಮಿದುಳನ್ನು ಮುಟ್ಟಿದ ಬಗೆ ಇದಕ್ಕಿಂತಲೂ ಅದ್ಭುತವಾದುದು. 1894ರಲ್ಲಿ ಲಾಕ್ ಎಂಬ ವಿಜ್ಞಾನಿ, ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ನರದ ಪ್ರಚೋದನೆ ಸ್ನಾಯುವನ್ನು ತಲಪುವುದಿಲ್ಲ ಎಂದು ತೋರಿಸಿದರು. ಇದರ ಮರ್ಮವನ್ನು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬರ್ನಾರ್ಡ್ ಕಾಟ್ಸ್ ಮತ್ತು ಅವರ ಸಹೋದ್ಯೋಗಿಗಳು ಬಿಡಿಸಿದರು. ಕಾಟ್ಸ್ ಅವರು ಕೆಲಸ ಮಾಡಿದ್ದೂ ರಿಂಗರ್ ದುಡಿದ ಆ ಯೂನಿವರ್ಸಿಟಿ ಕಾಲೇಜಿನಲ್ಲಿಯೇ. 1970ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅವರ ಸಿದ್ಧಾಂತವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿಯನ್ನು ಮುಟ್ಟಿಸುವ ಸ್ಥಳದಲ್ಲಿ ಎರಡರ ನಡುವೆ ಸೂಕ್ಷ್ಮವಾದ ಸಂದು ಇದೆ. ಕೋಶದ ಹೊರಗೆ ಇರುವಷ್ಟು ಕ್ಯಾಲ್ಸಿಯಂ ಒಳಗೆ ಇರುವುದಿಲ್ಲ. ಹೊರಗಿನದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಒಳಗೆ ಸ್ವತಂತ್ರವಾಗಿ ಇರುತ್ತದೆ. ತುಂಬಿದ ಕೆರೆಗೆ ತೂಬು ಇದ್ದಂತೆ ಕೋಶದ ಪೊರೆಯಲ್ಲಿ ಬಾಗಿಲುಗಳಿವೆ. ನರದಲ್ಲಿ ವಿದ್ಯುತ್ ಪ್ರಚೋದನೆ ಬಂದೊಡನೆ ತೂಬು ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದರ ಆಜ್ಞೆಯಂತೆ ಕೋಶದಲ್ಲಿ ಚಿಕ್ಕ ಚಿಕ್ಕ ಸಂಚಿಗಳಲ್ಲಿ ಕಟ್ಟಿಟ್ಟಿದ್ದ ರಾಸಾಯನಿಕ ಸಂದಿಗೆ ಬಿಡುಗಡೆಯಾಗಿ ಮುಂದಿನ ಕೋಶವನ್ನು ಎಚ್ಚರಿಸುತ್ತದೆ. ಇದೆಲ್ಲವೂ ಕಣ್ಣೆವೆ ಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಶೀಘ್ರವಾಗಿ ನಡೆದುಹೋಗುತ್ತದೆ. ಅನಂತರ ಕೋಶ ಆ ಕ್ಯಾಲ್ಸಿಯಂ ಅನ್ನು ಮತ್ತೆ ಹೊರಗೆ ಎತ್ತಿಹಾಕುತ್ತದೆ. ವಾಚಕರು ಈ ಪಂಕ್ತಿಯನ್ನು ಓದುತ್ತಿರುವಾಗಲೂ ಅವರ ಮಿದುಳಿನಲ್ಲಿ ಕೋಟ್ಯಂತರ ತೂಬುಗಳು ತೆರೆದು ಮುಚ್ಚುತ್ತಿವೆ.

ಕಣ್ಣಿಗೆ ಕಾಣದ ಈ ವ್ಯಾಪಾರವನ್ನು ಕಾಣುವುದು ಹೇಗೆ? ಇಲ್ಲಿ ನಾಗಸಾಕಿ ಮತ್ತೆ ಬರುತ್ತದೆ. 1945ರಲ್ಲಿ ಆ ನಗರದ ಮೇಲೆ ಅಣುಬಾಂಬು ಬಿದ್ದಾಗ, ಸಮೀಪದ ಇಸಹಾಯ ಎಂಬ ಊರಿನಲ್ಲಿ ಒಸಾಮು ಶಿಮೊಮುರಾ ಎಂಬ ಹದಿನಾರು ವರ್ಷದ ಹುಡುಗ ಆ ಭೀಕರ ಬೆಳಕನ್ನು ಕಂಡನು. ಯುದ್ಧಾನಂತರ ಆತ ನಾಗಸಾಕಿಯ ಔಷಧ ವಿದ್ಯಾಲಯದಲ್ಲಿಯೇ ಓದಿದನು. ಮುಂದೆ ಅಮೆರಿಕಕ್ಕೆ ಹೋಗಿ, ಕತ್ತಲಲ್ಲಿ ಮಿನುಗುವ ಒಂದು ಜಾತಿಯ ಅಂಬಲಿಮೀನಿನ ಬೆಳಕಿನ ಕಾರಣವನ್ನು ಹುಡುಕಲು ತೊಡಗಿದರು. 1961ರಲ್ಲಿ ಒಂದು ದಿನ, ಆ ಜೀವಿಯಿಂದ ತೆಗೆದ ರಸವನ್ನು ನಿಷ್ಪ್ರಯೋಜಕವೆಂದು ತೊಟ್ಟಿಗೆ ಚೆಲ್ಲಿದರು. ಚೆಲ್ಲಿದೊಡನೆ ತೊಟ್ಟಿ ನೀಲಿ ಬೆಳಕಿನಿಂದ ಝಗ್ಗನೆ ಹೊಳೆಯಿತು! ತೊಟ್ಟಿಯಲ್ಲಿ ಸಮುದ್ರದ ನೀರು ಹರಿಯುತ್ತಿತ್ತು. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು. ಲಂಡನ್ನಿನ ನಲ್ಲಿಯ ನೀರು ರಿಂಗರ್ ಅವರಿಗೆ ಹೇಳಿದ ರಹಸ್ಯವನ್ನು ಸಮುದ್ರದ ನೀರು ಶಿಮೊಮುರಾ ಅವರಿಗೆ ಹೇಳಿತು. ಕ್ಯಾಲ್ಸಿಯಂ ಸೋಕಿದರೆ ಬೆಳಗುವ ಒಂದು ಪ್ರೋಟೀನನ್ನೂ, ಅದರ ಜೊತೆಗೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನೂ ಅವರು ಪ್ರತ್ಯೇಕಿಸಿದರು. ಹಸಿರು ಪ್ರೋಟೀನಿನ ಶೋಧನೆಗಾಗಿ 2008ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಅದನ್ನೇ ಮಾರ್ಪಡಿಸಿ, ಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಹೆಚ್ಚು ಹೊಳೆಯುವ ಸಾಧನವನ್ನು 2001ರಲ್ಲಿ ಜಪಾನಿನ ಜುನಿಚಿ ನಕಾಯ್ ಮತ್ತು ಸಂಗಡಿಗರು ಪ್ರಕಟಿಸಿದ್ದರು.

ಈ ದೀಪದ ಬೆಳಕಿನಲ್ಲಿ ವಿಜ್ಞಾನಿಗಳು ಇಲಿಯ ಮಿದುಳನ್ನು ಅದು ಬದುಕಿ ಓಡಾಡುತ್ತಿರುವಾಗಲೇ ನೋಡಲು ಶಕ್ತರಾದರು. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ನಮ್ಮ ಪೂರ್ವಿಕರು ಅವಸ್ಥೆಗಳನ್ನು ವಿಂಗಡಿಸಿದ್ದರಷ್ಟೆ. ಅವರ ದೃಷ್ಟಿ ತತ್ತ್ವದೃಷ್ಟಿ; ವಿಜ್ಞಾನಿಯ ದೃಷ್ಟಿ ಬೇರೆ; ಎರಡನ್ನೂ ಕಲಸಬಾರದು. ಆದರೂ ಅವಸ್ಥೆ ಬದಲಾದಂತೆ ಮಿದುಳಿನ ಕೋಶಗಳಲ್ಲಿ ಕ್ಯಾಲ್ಸಿಯಂನ ಆಟ ಬದಲಾಗುತ್ತದೆಂಬುದು ಈಗ ಪ್ರಯೋಗಸಿದ್ಧ. ನರಕೋಶಗಳ ನಡುವೆ ನಕ್ಷತ್ರದಂತೆ ಕವಲೊಡೆದ ಬೇರೊಂದು ಬಗೆಯ ಕೋಶಗಳಿವೆ. ಇವು ನರಕೋಶಗಳಿಗೆ ಬರಿಯ ಊರೆಗೋಲೆಂದು ಬಹುಕಾಲ ಭಾವಿಸಲಾಗಿತ್ತು. ಇಲಿ ಎಚ್ಚತ್ತು ಓಡತೊಡಗಿದಾಗ, ಮಿದುಳಿನ ಕಾಂಡಭಾಗದಿಂದ ಬರುವ ಎಚ್ಚರದ ರಾಸಾಯನಿಕದಿಂದಾಗಿ ಈ ಕೋಶಗಳಲ್ಲಿ ಕ್ಯಾಲ್ಸಿಯಂ ಅಲೆಯಾಗಿ ಏಳುತ್ತದೆ. ಸುಮ್ಮನೆ ಕುಳಿತಾಗ ಅಲೆ ತಗ್ಗುತ್ತದೆ. ನಿದ್ರೆಯಲ್ಲಿ ಅದು ಇನ್ನೂ ಕುಗ್ಗುತ್ತದೆಂದೂ, ಎಚ್ಚರವಾಗುವ ಹೊತ್ತಿಗೆ ಮತ್ತೆ ಏರುತ್ತದೆಂದೂ 2020ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಈ ಕೋಶಗಳಲ್ಲಿ ಕ್ಯಾಲ್ಸಿಯಂನ ಸಂಚಾರಕ್ಕೆ ಅಡ್ಡಿಮಾಡಿದಾಗ ಇಲಿಯ ನಿದ್ರೆಯ ಕ್ರಮವೂ ಕೆಟ್ಟಿತು. ನಿದ್ರೆಯೆಂದರೆ ಮಿದುಳಿನ ನಿಷ್ಕ್ರಿಯತೆಯಲ್ಲ, ಬೇರೊಂದು ಕ್ರಮದ ವ್ಯವಸ್ಥೆ ಎಂಬುದಕ್ಕೆ ಇದು ಸಾಕ್ಷಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ನಮ್ಮ ಮಕ್ಕಳಿಗೂ, ಓದಿಸುವ ಪೋಷಕರಿಗೂ ಈ ವಿಷಯ ತಿಳಿದಿರುವುದು ಒಳ್ಳೆಯದು.

ಇಂಥ ಪರಿಶೋಧನೆ ದೂರದೇಶಗಳಲ್ಲಿ ಮಾತ್ರವೇ ನಡೆಯುತ್ತದೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈಟಿ ಹಸನ್ ಅವರೂ ಅವರ ಶಿಷ್ಯರೂ ಹಣ್ಣಿನ ನೊಣದ ಮೇಲೆ ಇದೇ ವಿಷಯವನ್ನು ಶೋಧಿಸಿದರು. ಕೋಶದ ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಅನ್ನು ಬಿಡುವ ಬಾಗಿಲು ದೋಷಯುಕ್ತವಾದರೆ ನೊಣಕ್ಕೆ ರೆಕ್ಕೆಯಿದ್ದೂ ಹಾರಲಾಗುವುದಿಲ್ಲ. ಕೆಲವೇ ನರಕೋಶಗಳಲ್ಲಿ ಆ ಬಾಗಿಲನ್ನು ಸರಿಪಡಿಸಿದರೆ ಅದು ಮತ್ತೆ ಹಾರುತ್ತದೆ ಎಂಬುದನ್ನು ಅವರು ತೋರಿಸಿದರು. ಮಾಲೂರಿನಿಂದ ರೈಲು ಹತ್ತಿದರೆ ಬೆಳಗ್ಗೆ ಹೋಗಿ ಸಂಜೆಗೆ ಹಿಂದಿರುಗಬಹುದಾದಷ್ಟು ಸಮೀಪದಲ್ಲಿ ಈ ಕೆಲಸ ನಡೆದಿದೆ. ನಮ್ಮ ಶಾಲೆಯ ಮಕ್ಕಳಲ್ಲೊಬ್ಬರು ಮುಂದೆ ಆ ಬಾಗಿಲನ್ನು ಹೊಕ್ಕರೆ ಆಶ್ಚರ್ಯವಿಲ್ಲ.

ಇನ್ನು ನಮ್ಮ ಸೀಮೆಯ ಮಾತನ್ನು ಎರಡು ವಾಕ್ಯಗಳಲ್ಲಿ ಹೇಳದೆ ಮುಗಿಸಲಾರೆ. ಕ್ಯಾಲ್ಸಿಯಂ ವಿಷಯದಲ್ಲಿ ಕೋಲಾರ ಜಿಲ್ಲೆಗೆ ಒಂದು ಭಾಗ್ಯವೂ ಒಂದು ದೌರ್ಭಾಗ್ಯವೂ ಇವೆ. ಭಾಗ್ಯವೆಂದರೆ ರಾಗಿ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ದೌರ್ಭಾಗ್ಯವೆಂದರೆ ಕೊಳವೆಬಾವಿಯ ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಗಳಿಗೂ ಮೀರಿ ಕೊರೆದು ತೆಗೆಯುವ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶ ಮಿತಿಮೀರಿದೆ. ಇದು ದೇಹದಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಹಲ್ಲಿಗೆ ಕಲೆಯನ್ನೂ, ವರ್ಷಾಂತರಗಳಲ್ಲಿ ಮೂಳೆಗೆ ವಿಕಾರವನ್ನೂ ತರುತ್ತದೆ. ತರಗತಿಯಲ್ಲಿ ನಗುವಾಗ ಬಾಯಿಗೆ ಕೈ ಅಡ್ಡವಿಡುವ ಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ನೀರಿನಲ್ಲಿ ಕರಗಿರುವುದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಪರೀಕ್ಷಿಸಿದವರಿಗೆ ಮಾತ್ರ ಅದು ಸತ್ಯವನ್ನು ನುಡಿಯುತ್ತದೆ. ರಿಂಗರ್ ಅವರ ಚರಿತ್ರೆಯಿಂದ ಕಲಿಯಬಹುದಾದ ವ್ಯಾವಹಾರಿಕ ಪಾಠವಿದು. ಶಾಲೆಗಳಿಗೆ ಕಟ್ಟಡ, ಗಡಿಯಾರ, ಬೀರುಗಳನ್ನು ಕೊಡುವ ದಾನಿಗಳು ಮಕ್ಕಳು ಕುಡಿಯುವ ನೀರಿನ ಪರೀಕ್ಷೆಗೂ ಶುದ್ಧೀಕರಣಕ್ಕೂ ಒಂದು ಪಾಲನ್ನು ಮೀಸಲಿಟ್ಟರೆ, ಆ ದಾನ ಮಕ್ಕಳ ಮೂಳೆಯಲ್ಲಿ ಉಳಿಯುತ್ತದೆ.

ಕೊನೆಯದಾಗಿ ಒಂದು ಆತ್ಮನಿವೇದನೆ. ಅಧ್ಯಾಪಕ ವೃತ್ತಿಯ ಆರಂಭದ ದಿನಗಳಲ್ಲಿ ಹಳಗನ್ನಡ ಪದ್ಯವೊಂದರಲ್ಲಿ ಸಮಾಸವನ್ನು ತಪ್ಪಾಗಿ ಬಿಡಿಸಿ ಅರ್ಥ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಪದವನ್ನು ಹೀಗೆ ಬಿಡಿಸಿದರೆ ಅರ್ಥ ಇನ್ನೂ ಕೂಡುತ್ತದಲ್ಲವೇ, ಗುರುಗಳೇ, ಎಂದು ವಿನಯದಿಂದಲೇ ಕೇಳಿದ. ಅವನನ್ನು ಗದರಿ ಕೂರಿಸಿದೆ. ರಾತ್ರಿ ವ್ಯಾಖ್ಯಾನವನ್ನು ತೆರೆದು ನೋಡಿದರೆ ಹುಡುಗ ಹೇಳಿದ್ದೇ ಸರಿ. ಮರುದಿನ ತರಗತಿಯಲ್ಲಿ ಆ ಮಾತನ್ನು ಹೇಳಲು ಬಾಯಿ ಬರಲಿಲ್ಲ. ಸರಿಯಾದ ಅರ್ಥವನ್ನು ಬೇರೆ ಸಂದರ್ಭದಲ್ಲಿ, ನಾನೇ ಕಂಡುಕೊಂಡವನಂತೆ ಹೇಳಿ ಮುಂದೆ ಸಾಗಿದೆ. ಆ ಹುಡುಗ ಮತ್ತೆಂದೂ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ. ರಿಂಗರ್ ಅವರ ಎರಡನೆಯ ಪ್ರಬಂಧದ ವಿಷಯವನ್ನು ಓದಿದ ದಿನ ನನಗೆ ಮೊದಲು ನೆನಪಾದವನು ಅವನೇ. ಅವನು ಈ ಸಂಚಿಕೆಯ ವಾಚಕರಲ್ಲಿ ಒಬ್ಬನಾಗಿದ್ದರೆ, ಅಂದು ಅವನು ಹೇಳಿದ್ದೇ ಸರಿಯಾದ ಅರ್ಥವೆಂದು ಈ ಮೂಲಕ ಅವನಿಗೆ ತಿಳಿಸುತ್ತೇನೆ.

ವಿದ್ವಾಂಸನಿಗೆ ತಪ್ಪು ಬರುವುದು ಸಹಜ. ಅದನ್ನು ಬರೆದ ಕೈಯಿಂದಲೇ ತಿದ್ದುವುದು ವಿರಳ. ಲಂಡನ್ನಿನ ಆ ಸಂಕೋಚದ ವೈದ್ಯರು ತಮ್ಮ ತಪ್ಪನ್ನು ಒಪ್ಪಿಕೊಂಡಿರದಿದ್ದರೆ ಶುದ್ಧಜಲದ ಭ್ರಮೆ ಇನ್ನೆಷ್ಟು ಕಾಲ ಮುಂದುವರಿಯುತ್ತಿತ್ತೋ ಹೇಳಲಾಗದು. ಅವರು ಒಪ್ಪಿಕೊಂಡದ್ದರಿಂದ ಹೃದಯದ ರಹಸ್ಯ ತಿಳಿಯಿತು, ನರದ ರಹಸ್ಯಕ್ಕೆ ದಾರಿಯಾಯಿತು, ನಿದ್ರೆ ಎಚ್ಚರಗಳ ಒಳಮನೆಗೆ ದೀಪ ಹತ್ತಿತು. ಇಂದಿಗೂ ಜ್ವರದಲ್ಲಿ ಬಳಲುವ ಯಾವನೋ ಒಬ್ಬ ಹಳ್ಳಿಯ ರೋಗಿಯ ತಲೆಯ ಬಳಿ ಅವರ ಹೆಸರಿನ ಚೀಲ ತೂಗುತ್ತಿದೆ. ಹನಿ ಹನಿಯಾಗಿ ಅವನ ರಕ್ತವನ್ನು ಸೇರುತ್ತಿದೆ.